ಗಿಡವೆಂದೇ ಎಣಿಸಿಕೊಂಡಿದ್ದ ಕಡಲಜೀವಿಗಳು

ಬ್ರಿಟನ್ನಿನ ಬಂಡೆಗಲ್ಲಿನ ತೀರಗಳಲ್ಲಿ, ಇಳಿತದ ನೀರೂ ಬಿಟ್ಟುಹೋಗದಷ್ಟು ತಗ್ಗಿನಲ್ಲಿ, ಕೆಲ್ಪ್ ಎಂಬ ದೊಡ್ಡ ಕಂದು ಕಡಲಕಳೆ ದಟ್ಟವಾಗಿ ಬೆಳೆಯುತ್ತದೆ. ತಣ್ಣೀರನ್ನೇ ಬಯಸುವ ಈ ಕಳೆ ಕನ್ನಡ ಕರಾವಳಿಯ ಬೆಚ್ಚನೆಯ ಸಮುದ್ರದಲ್ಲಿ ಬೆಳೆಯುವುದಿಲ್ಲ. ಅದರ ಎಲೆಗಳ ಮೇಲೆ ಒಬೀಲಿಯಾ ಜೆನಿಕ್ಯುಲೇಟಾದಂಥ ಹೈಡ್ರಾಯ್ಡ್‌ಗಳು, ಎಂದರೆ ಒಂದೇ ದಂಟಿಗೆ ಹತ್ತಾರು ಬಾಯಿಗಳು ಕೂಡಿಕೊಂಡು ಬಾಳುವ ಪ್ರಾಣಿಗಳು, ಬಿಳಿಯ ಎಳೆಗಳಾಗಿ ಕವಲೊಡೆದು ನಿಂತಿರುತ್ತವೆ. ಅವುಗಳ ಪಕ್ಕದಲ್ಲೇ ಮೆಂಬ್ರನಿಪೋರಾ ಎಂಬ ಬ್ರಯೋಜೋವ, ಸಣ್ಣ ಸಣ್ಣ ಗೂಡುಗಳನ್ನು ಒತ್ತೊತ್ತಾಗಿ ಜೋಡಿಸುತ್ತ, ಕಸೂತಿಯ ಬಟ್ಟೆಯಂತೆ ಹರಡಿಕೊಳ್ಳುತ್ತದೆ. ಹದಿನೆಂಟನೆಯ ಶತಮಾನದ ನಡುಭಾಗದವರೆಗೂ ಯುರೋಪಿನ ವಿದ್ವಾಂಸರಲ್ಲಿ ಹೆಚ್ಚಿನವರು ಇಂಥವನ್ನು ಸಸ್ಯಗಳೆಂದೇ ಪರಿಗಣಿಸಿದ್ದರು. ಕವಲು, ಕಾಂಡ, ಮೊಗ್ಗು ಎಲ್ಲವೂ ಕಾಣುವಾಗ ಬೇರೆ ಊಹೆಗೆ ಕಾರಣವಾದರೂ ಏನಿತ್ತು? ಒಣಗಿದ ಮಾದರಿಯಲ್ಲಿ ಪ್ರಾಣಿಯ ಮೃದು ದೇಹ ಕುಗ್ಗಿ ಅಳಿದು, ಗಿಡದಂಥ ಹೊರಕವಚವಷ್ಟೇ ಉಳಿಯುತ್ತಿತ್ತು.

ಮಾರ್ಸೇಯ ವೈದ್ಯ ಪೇಸೊನೆಲ್ 1720ರ ದಶಕದಲ್ಲೇ ಹವಳವನ್ನು ಸಮುದ್ರದ ನೀರಿನಲ್ಲಿಟ್ಟು ನೋಡಿ, ಅದರ 'ಹೂವು'ಗಳು ಪ್ರಾಣಿಗಳೆಂದು ಸಾರಿದ್ದನು. ಪ್ಯಾರಿಸಿನ ಹಿರಿಯ ವಿಜ್ಞಾನಿ ರೋಮ್ಯೂರ್ ಈ ಮಾತನ್ನು ಎಷ್ಟು ಅಸಂಭವವೆಂದು ಬಗೆದನೆಂದರೆ, 1727ರಲ್ಲಿ ಅದನ್ನು ಪ್ರಸ್ತಾಪಿಸುವಾಗ ಹೇಳಿದವನ ಹೆಸರನ್ನೇ ಕೈಬಿಟ್ಟನು. ಇದು ದಯೆಯೋ ತಾತ್ಸಾರವೋ ಎಂಬುದನ್ನು ಓದುಗರೇ ನಿರ್ಧರಿಸಬಹುದು. 1740ರ ದಶಕದಲ್ಲಿ ಟ್ರೆಂಬ್ಲೆ ಎಂಬ ಪ್ರಕೃತಿವಿಜ್ಞಾನಿ ಸಿಹಿನೀರಿನ ಹೈಡ್ರಾ ಎಂಬ ಗಿಡದಂಥ ಪುಟ್ಟ ಪ್ರಾಣಿಯ ಮೇಲೆ ನಡೆಸಿದ ಪ್ರಯೋಗಗಳ ತರುವಾಯವೇ ಆ ಮಾತಿಗೆ ಮನ್ನಣೆ ದೊರೆಯತೊಡಗಿತು.

ಇಂಗ್ಲೆಂಡಿನಲ್ಲಿ ಈ ಬದಲಾವಣೆ ಬಂದದ್ದು ವಿರಾಮಕಾಲದ ಒಂದು ಕರಕುಶಲದ ಮೂಲಕ ಎಂಬುದು ಗಮನಾರ್ಹ. ಲಂಡನ್ನಿನಲ್ಲಿ ಲಿನನ್ ಬಟ್ಟೆಯ ವ್ಯಾಪಾರ ಮಾಡುತ್ತಿದ್ದ ಜಾನ್ ಎಲ್ಲಿಸ್ 1751ರಲ್ಲಿ ಆಂಗ್ಲ್‌ಸೀ ದ್ವೀಪ ಮತ್ತು ಡಬ್ಲಿನ್ನಿನಿಂದ ಬಂದ ಕಡಲಕಳೆಗಳನ್ನೂ ಕೋರಲೈನ್‌ಗಳನ್ನೂ (ಕವಲೊಡೆದ ಇಂಥ ಜೀವಿಗಳಿಗೆಲ್ಲ ಅಂದು ಇದ್ದ ಒಟ್ಟು ಹೆಸರು ಅದು) ನೀರಿನಲ್ಲಿ ಬಿಡಿಸಿ, ಹಾಳೆಯ ಮೇಲೆ ಹರಡಿ, ಪ್ರಕೃತಿದೃಶ್ಯದಂತೆ ಜೋಡಿಸಿದನು. ಅದನ್ನು ಮೆಚ್ಚಿದ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ-ವಿಜ್ಞಾನಿ, ರಾಜಕುಮಾರಿಯರ ವಿನೋದಕ್ಕಾಗಿ ಇನ್ನಷ್ಟು ಮಾಡಿಕೊಡುವಂತೆ ಕೇಳಿದನು. ಆ ಕೆಲಸಕ್ಕೆಂದು ಮಾದರಿಗಳನ್ನು ಬೇರ್ಪಡಿಸುತ್ತ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಎಲ್ಲಿಸನಿಗೆ ಅವುಗಳ ರಚನೆ ಸಸ್ಯದ್ದಲ್ಲವೆಂಬ ಸಂಶಯ ಹುಟ್ಟಿತು. ಹಾಳೆಗೆ ಅಂಟಿದ ವಸ್ತುವಿನಿಂದ ಉತ್ತರ ಸಿಗದೆಂದು ಅರಿತು ಅವನು ತೀರಕ್ಕೇ ಹೊರಟನು: 1752ರಲ್ಲಿ ಷೆಪ್ಪಿ ದ್ವೀಪಕ್ಕೆ ಚಿತ್ರಕಾರ ಬ್ರೂಕಿಂಗ್‌ನೊಡನೆ, 1754ರಲ್ಲಿ ಬ್ರೈಟನ್ನಿಗೆ ಸಸ್ಯಚಿತ್ರಕಾರ ಎಹ್ರೆಟ್‌ನೊಡನೆ. ಆಗಷ್ಟೇ ಕಿತ್ತ ಕವಲುಗಳನ್ನು ಕಡಲನೀರಿನ ಬಟ್ಟಲಲ್ಲಿಟ್ಟು ಅಲುಗಿಸದೆ ಕಾದರೆ, ಪ್ರತಿ ಪುಟ್ಟ ಬಟ್ಟಲಿನಂಥ ತುದಿಯಿಂದಲೂ ಗ್ರಹಣಾಂಗಗಳು, ಎಂದರೆ ಬಾಯಿಯ ಸುತ್ತಲಿನ ಬೇಟೆಯ ತೋಳುಗಳು, ಹೊರಚಾಚುವುದು ಕಾಣುತ್ತಿತ್ತು. 1755ರಲ್ಲಿ ಅವನು ಪ್ರಕಟಿಸಿದ ಕೋರಲೈನ್‌ಗಳ ಗ್ರಂಥದ ಬಲವೆಲ್ಲ ಈ ಕಾಯುವಿಕೆಯಲ್ಲಿದೆ.

ವಿರೋಧ ಅಲ್ಲಿಗೆ ನಿಲ್ಲಲಿಲ್ಲ. ಡಚ್ ವೈದ್ಯ ಬಾಸ್ಟರ್, ಪ್ರಾಣಿಗಳು ಸಸ್ಯದ ಮೇಲೆ ಬಂದು ಸೇರಿದ ಅತಿಥಿಗಳಷ್ಟೇ ಎಂದು ವಾದಿಸಿದನು. ಲಿನೇಯಸ್‌ನಾದರೋ ಕಾಂಡ ಸಸ್ಯ, ಹೂವು ಪ್ರಾಣಿ ಎಂಬ ನಡುದಾರಿ ಹಿಡಿದು, ಇವನ್ನು 'ಜೂಫೈಟ್' ಅಥವಾ ಪ್ರಾಣಿಸಸ್ಯಗಳೆಂಬ ಗುಂಪಿಗೆ ಸೇರಿಸಿದನು. ವರ್ಗೀಕರಣದ ಅಷ್ಟು ದೊಡ್ಡ ಪಂಡಿತನಿಗೆ ಈ ರಾಜಿ ಶೋಭಿಸುವಂಥದ್ದಾಗಿರಲಿಲ್ಲ. ಈ ವಿರೋಧದ ನಡುವೆಯೂ ರಾಯಲ್ ಸೊಸೈಟಿಯು 1767ರ ಕಾಪ್ಲಿ ಪದಕವನ್ನು ಎಲ್ಲಿಸನಿಗೆ ನೀಡಿತು.

ಹಾಗೆಂದು ಎಲ್ಲಿಸ್ ಎಲ್ಲವನ್ನೂ ಬಿಡಿಸಿರಲಿಲ್ಲ. ಹೈಡ್ರಾಯ್ಡ್‌ಗೆ ಇರುವುದು ಒಂದೇ ದ್ವಾರ. ಬ್ರಯೋಜೋವಕ್ಕೆ ಬಾಯಿಯೂ ಗುದವೂ ಬೇರೆಬೇರೆ. ಇಷ್ಟು ದೂರದ ಎರಡು ವಂಶಗಳನ್ನು ಪ್ರತ್ಯೇಕಿಸುವ ಕೆಲಸಕ್ಕೆ 1830ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿದ್ದ ಸೇನಾವೈದ್ಯ ಜಾನ್ ವಾನ್ ಥಾಂಪ್ಸನ್ ಕೈಹಾಕಿದನು. 1834ರಲ್ಲಿ ದಕ್ಷಿಣ ಅಮೆರಿಕದ ತುದಿಯಾದ ಟಿಯೆರಾ ಡೆಲ್ ಫ್ಯೂಗೋದಲ್ಲಿ ಡಾರ್ವಿನ್ ಕೆಲ್ಪಿನ ಹೆಣೆದುಕೊಂಡ ಬೇರುಬುಡವನ್ನು ಕೊಡವಿ, ಅದರಿಂದ ಉದುರಿದ ಚಿಪ್ಪುಜೀವಿ, ಏಡಿ, ನಕ್ಷತ್ರಮೀನು, ಹುಳುಗಳನ್ನು ಲೆಕ್ಕಹಾಕುವ ಹೊತ್ತಿಗೆ ಪ್ರಶ್ನೆಯೇ ಬೇರೆಯಾಗಿತ್ತು: ಈ ಒಂದು ಕಳೆ ಅಳಿದರೆ ಅದನ್ನು ನೆಚ್ಚಿದ ಪ್ರಾಣಿಗಳಲ್ಲಿ, ಅವುಗಳನ್ನು ತಿನ್ನುವ ಮೀನು, ಹಕ್ಕಿ, ನೀರುನಾಯಿಗಳಲ್ಲಿ, ಕೊನೆಗೆ ಅಲ್ಲಿನ ಮನುಷ್ಯರಲ್ಲಿ ಎಷ್ಟು ಮಂದಿ ಉಳಿದಾರು ಎಂಬುದನ್ನು ಅವನು ಚರ್ಚಿಸತೊಡಗಿದನು.