ಖಾಲಿ ಕುರ್ಚಿ, ಊರಿಗೆ ಬಂದ ರೋಗ

1897ರಲ್ಲಿ ಪ್ಲೇಗಿಗೆ ಹೆದರಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಾಗ ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಮುಂಬಯಿ ಪ್ರಾಂತದಲ್ಲಿದ್ದವು. ಸವಣೂರನ್ನು ನವಾಬರು ಆಳುತ್ತಿದ್ದರು. ಮನೆ ಹೊಕ್ಕು ತಪಾಸಣೆ ಮಾಡುವ ಅಧಿಕಾರಿಯನ್ನು ಜನ ಆರಿಸಿರಲಿಲ್ಲ.

2020ರಲ್ಲಿ ಕೊರೋನಾ ಬಂದಾಗಲೂ ಸರ್ಕಾರ ಕೈಗೆತ್ತಿಕೊಂಡದ್ದು ಅದೇ ಹಳೆಯ ಕಾಯ್ದೆಯನ್ನು. ಆದರೆ ಈ ಸಲ ನಾವು ಮತ ಹಾಕಿ ಸದಸ್ಯರನ್ನು ಆರಿಸಿ ಕಳಿಸಿದ್ದೆವು, ಕೆಲವು ಊರುಗಳಲ್ಲಿ 2018ರಲ್ಲೇ. ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯ ಹೈಕೋರ್ಟಿನಲ್ಲಿತ್ತು. ಅಧ್ಯಕ್ಷರಿಲ್ಲದೆ ಸಾಮಾನ್ಯ ಸಭೆಯಿಲ್ಲ. ಎಲ್ಲವೂ ಆಡಳಿತಾಧಿಕಾರಿಯ ಕಾರುಬಾರು. ಸಂತೆ ಎಲ್ಲಿ ಕೂಡಬೇಕು, ಯಾವ ಓಣಿಗೆ ನೀರು ಬಿಡಬೇಕು ಎಂದು ಕೇಳಲು ಹೋದರೆ ವಾರ್ಡಿನ ಸದಸ್ಯರೂ ನಮ್ಮಂತೆ ಬರೀ ಅರ್ಜಿದಾರರು! ಗೆದ್ದ ಪ್ರಮಾಣಪತ್ರ ಮಾತ್ರ ಅವರ ಬಳಿ ಇತ್ತು.

ಮೀಸಲಾತಿಯ ಹೊಸ ಪಟ್ಟಿ ಹೊರಬಿದ್ದದ್ದು 2020ರ ಅಕ್ಟೋಬರಿನಲ್ಲಿ. ಅಧ್ಯಕ್ಷರು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಮೊದಲ ಅಲೆ ಇಳಿಯತೊಡಗಿತ್ತು.