ಚಪ್ಪಾಳೆ ಬೀಳದ ಕೈಗಳು

ಪ್ರತಿವರ್ಷ ಜನವರಿ 1ರಂದು ನಮ್ಮ ಗಡಿಯಾರ ಮಧ್ಯಾಹ್ನ 3.45 ತೋರಿಸುವ ಹೊತ್ತಿಗೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಬೆಳಿಗ್ಗೆ 11.15 ಆಗಿರುತ್ತದೆ. ಹೂವಿನಿಂದ ಸಿಂಗರಿಸಿದ ಮ್ಯೂಸಿಕ್‌ಫೆರೈನ್ ಸಭಾಂಗಣದಲ್ಲಿ ವಿಯೆನ್ನಾ ಫಿಲ್ಹಾರ್ಮೋನಿಕ್ ವಾದ್ಯವೃಂದ ಸ್ಟ್ರೌಸ್ ಮನೆತನದ ವಾಲ್ಟ್ಸ್‌ಗಳನ್ನು ನುಡಿಸಲಾರಂಭಿಸುತ್ತದೆ. ಸಭಾಂಗಣದಲ್ಲಿ ಕುಳಿತು ಕೇಳುವವರು ಎರಡು ಸಾವಿರದಷ್ಟು ಮಂದಿ. ಕಿರುತೆರೆಯ ಮುಂದೆ ಕುಳಿತವರು ತೊಂಬತ್ತಕ್ಕೂ ಹೆಚ್ಚು ದೇಶಗಳ ಲಕ್ಷೋಪಲಕ್ಷ ಜನ. ಇವರೆಲ್ಲರ ಪರವಾಗಿ ನೋಡುವ ಕೆಲಸ ಮಾಡುವವರು ಮಾತ್ರ ತೆರೆಯ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ.

ಈ ಕಛೇರಿಯ ಹುಟ್ಟು ಹಬ್ಬದ ಸಡಗರದಲ್ಲಿ ಆದದ್ದಲ್ಲ. 1938ರಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿತು. ಮರುವರ್ಷ ಮಹಾಯುದ್ಧ ಆರಂಭವಾಯಿತು. ಆ ವರ್ಷದ ಡಿಸೆಂಬರ್ 31ರಂದು ಕ್ಲೆಮೆನ್ಸ್ ಕ್ರೌಸ್ ಅವರ ನಿರ್ದೇಶನದಲ್ಲಿ ಮೊದಲ ಕಛೇರಿ ನಡೆಯಿತು. ಅದರ ಹಣ ನಾಜಿಗಳ ಯುದ್ಧಕಾಲದ ಪರಿಹಾರ ನಿಧಿಗೆ ಸಂದಿತು. 1941ರಿಂದ ಕಛೇರಿ ಜನವರಿ 1ಕ್ಕೆ ಬಂತು. ವೃಂದದ ಯಹೂದಿ ಕಲಾವಿದರನ್ನು ಅಷ್ಟರಲ್ಲಾಗಲೇ ಹೊರದೂಡಲಾಗಿತ್ತು. ಅವರಲ್ಲಿ ಐವರು ನಾಜಿ ಶಿಬಿರಗಳಲ್ಲಿ ಪ್ರಾಣ ಕಳೆದುಕೊಂಡರು. ಈ ಕಥೆಯನ್ನು ಇತಿಹಾಸಕಾರರಿಂದ ಬರೆಸಿ ವೃಂದವೇ ವಿವರವಾಗಿ ಪ್ರಕಟಿಸಿದ್ದು 2013ರಲ್ಲಿ.

ಟಿವಿ ಈ ಸಭಾಂಗಣದೊಳಗೆ ಕಾಲಿಟ್ಟದ್ದು 1959ರಲ್ಲಿ. ಅಂದಿನಿಂದ ಕಛೇರಿಗೆ ಇಬ್ಬರು ನಿರ್ದೇಶಕರು. ಒಬ್ಬರು ಕೋಲು ಹಿಡಿದು ವೇದಿಕೆಯ ಮೇಲೆ ನಿಲ್ಲುವ ವೃಂದನಿರ್ದೇಶಕ. ಮುಂಬೈಯಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಕಲಿತ ಜುಬಿನ್ ಮೆಹ್ತಾ 1990, 1995, 1998, 2007 ಮತ್ತು 2015ರಲ್ಲಿ, ಹೀಗೆ ಐದು ಬಾರಿ ಆ ಸ್ಥಾನದಲ್ಲಿ ನಿಂತಿದ್ದಾರೆ. ಇನ್ನೊಬ್ಬರು ಪರದೆಗಳ ಸಾಲಿನ ಮುಂದೆ ಕುಳಿತು, ಹನ್ನೆರಡಕ್ಕೂ ಹೆಚ್ಚು ಕ್ಯಾಮೆರಾಗಳಲ್ಲಿ ಯಾವುದರ ಚಿತ್ರ ಈ ಕ್ಷಣ ಹೊರಹೋಗಬೇಕೆಂದು ತೀರ್ಮಾನಿಸುವ ದೃಶ್ಯನಿರ್ದೇಶಕ.

ಈ ಎರಡನೆಯವರ ಕೆಲಸ ಶುರುವಾಗುವುದು ಕ್ಯಾಮೆರಾದಿಂದಲ್ಲ, ಸ್ವರಲಿಪಿಯಿಂದ. ಕೊಳಲು ಯಾವ ಆವರ್ತದಲ್ಲಿ ಪ್ರವೇಶಿಸುತ್ತದೆ, ತಂತಿವಾದ್ಯಗಳಿಂದ ರಾಗವನ್ನು ಕಹಳೆ ಎಲ್ಲಿ ಎತ್ತಿಕೊಳ್ಳುತ್ತದೆ ಎಂಬುದನ್ನು ಗುರುತಿಸಿ, ಪ್ರತಿಯೊಂದು ದೃಶ್ಯಕ್ಕೂ ಒಂದು ಸಂಖ್ಯೆ ಕೊಡಲಾಗುತ್ತದೆ. ಪ್ರತಿ ಕ್ಯಾಮೆರಾದವನ ಕೈಯಲ್ಲೂ ಅವನ ಪಾಲಿನ ದೃಶ್ಯಗಳ ಪಟ್ಟಿ ಇರುತ್ತದೆ. ಪ್ರಸಾರದ ವೇಳೆ ಸಂಗೀತ ಬಲ್ಲ ಸಹಾಯಕರೊಬ್ಬರು ಸ್ವರಲಿಪಿಯನ್ನು ಓದುತ್ತ ಆವರ್ತಗಳನ್ನು ಗಟ್ಟಿಯಾಗಿ ಎಣಿಸುತ್ತಾರೆ. ನಿರ್ದೇಶಕರ ಸೂಚನೆ ಬಂದೊಡನೆ ಮಿಶ್ರಣಕಾರರ ಬೆರಳು ಗುಂಡಿ ಒತ್ತುತ್ತದೆ. ಅರ್ಧ ಕ್ಷಣ ತಡವಾದರೆ ಕೊಳಲು ಮುಗಿದ ಮೇಲೆ ಕೊಳಲಿನವನ ಮುಖ ತೆರೆಗೆ ಬಂದಿರುತ್ತದೆ. ವಿಯೆನ್ನಾದ ವಾಲ್ಟ್ಸ್‌ನಲ್ಲಿ ಮೂರು ಪೆಟ್ಟುಗಳ ಪೈಕಿ ಎರಡನೆಯದು ತುಸು ಮೊದಲೇ ಬೀಳುವ ವಾಡಿಕೆಯಿದೆ. ಯಂತ್ರದಂತೆ ಎಣಿಸುವವನು ಇಲ್ಲಿ ಎಡವುತ್ತಾನೆ.

ಹಲವು ವರ್ಷ ಈ ಹೊಣೆ ಹೊತ್ತವರು ಇಂಗ್ಲೆಂಡಿನ ಬ್ರಯಾನ್ ಲಾರ್ಜ್. ಬಿಬಿಸಿಯಲ್ಲಿ ಪಳಗಿದ ಇವರು ಮೊದಲು ಸಂಗೀತ ವಿದ್ವಾಂಸರು. ಜೆಕ್ ಸಂಗೀತ ರಚನೆಕಾರರಾದ ಸ್ಮೆತಾನಾ ಮತ್ತು ಮಾರ್ಟಿನು ಅವರ ಬಗ್ಗೆ ಗ್ರಂಥಗಳನ್ನು ಬರೆದವರು. ಇಂತಹ ಪ್ರಸಾರಕ್ಕೆ ಕಣ್ಣಿಗಿಂತ ಕಿವಿ ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

'ನೇರ' ಎಂಬ ಮಾತಿಗೂ ಇಲ್ಲಿ ಸಿದ್ಧತೆಯ ಒಳಪದರವಿದೆ. ಇದೇ ಕಾರ್ಯಕ್ರಮವನ್ನು ವೃಂದ ಡಿಸೆಂಬರ್ 30 ಮತ್ತು 31ರಂದು ಪ್ರೇಕ್ಷಕರ ಮುಂದೆ ನುಡಿಸಿರುತ್ತದೆ. ವಾಲ್ಟ್ಸ್‌ನ ನಡುವೆ ಅರಮನೆಯ ಅಂಗಳದಲ್ಲಿ ಕಾಣುವ ನರ್ತಕರು ಸಾಮಾನ್ಯವಾಗಿ ತಿಂಗಳುಗಳ ಹಿಂದೆ, ಬೇಸಿಗೆಯಲ್ಲೇ ಕುಣಿದು ಮುಗಿಸಿರುತ್ತಾರೆ. ಸಭಾಂಗಣದಲ್ಲಿ ದುಬಾರಿ ಟಿಕೆಟ್ ತೆತ್ತು ಕುಳಿತವರಿಗೆ ಆ ನೃತ್ಯ ಕಾಣುವುದೇ ಇಲ್ಲ; ಅದು ಮನೆಯಲ್ಲಿ ಕುಳಿತವರಿಗೆ ಮಾತ್ರ.

ಆದರೆ ಆಯ್ದು ತೋರಿಸುವ ಅಧಿಕಾರದಲ್ಲಿ ಆಯ್ದು ಮರೆಮಾಡುವ ಅಧಿಕಾರವೂ ಅಡಗಿದೆ. ಹಾರ್ಪ್ ವಾದಕಿ ಆನಾ ಲೆಲ್ಕೆಸ್ ಎರಡು ದಶಕಕ್ಕೂ ಹೆಚ್ಚು ಕಾಲ ಈ ವೃಂದದಲ್ಲಿ ನುಡಿಸಿದರೂ ಸದಸ್ಯತ್ವ ದೊರೆತಿರಲಿಲ್ಲ. ಅದು ಪುರುಷರ ಸಂಘವಾಗಿತ್ತು. ಕಛೇರಿ ಟಿವಿಯಲ್ಲಿ ಬಂದಾಗ ತನ್ನ ಕೈಗಳಷ್ಟೇ ಕಾಣುತ್ತಿದ್ದವು, ಮುಖ ಕಾಣುತ್ತಿರಲಿಲ್ಲ ಎಂದು ಆಕೆ ಹೇಳಿಕೊಂಡಿದ್ದಾರೆ. ಅದು ಯಾರ ತೀರ್ಮಾನವೇ ಆಗಿರಲಿ, ಜಗತ್ತು ಸಂಗೀತವನ್ನು ಕೇಳಿತು, ನುಡಿಸಿದವರನ್ನು ನೋಡಲಿಲ್ಲ. ಪ್ರತಿಭಟನೆಗಳು ಜೋರಾದ ಮೇಲೆ, 1997ರ ಫೆಬ್ರುವರಿಯಲ್ಲಿ ವೃಂದ ಮಹಿಳೆಯರಿಗೆ ಬಾಗಿಲು ತೆರೆಯಿತು. ಆಕೆ ಮೊದಲ ಸದಸ್ಯೆಯಾದರು. ಹೊಸ ವರ್ಷದ ಕಛೇರಿಯಲ್ಲಿ ಮಹಿಳೆಯೊಬ್ಬರ ರಚನೆ ಮೊದಲ ಬಾರಿಗೆ ಕೇಳಿಬರಲು 2025ರವರೆಗೆ ಕಾಯಬೇಕಾಯಿತು. ಅದು 19ನೇ ಶತಮಾನದ ಕಾನ್ಸ್ಟಾನ್ಸ ಗೈಗರ್ ಅವರ ವಾಲ್ಟ್ಸ್. 2026ರವರೆಗೂ ಯಾವ ಮಹಿಳೆಯೂ ಈ ಕಛೇರಿಯಲ್ಲಿ ವೃಂದವನ್ನು ನಿರ್ದೇಶಿಸಿರಲಿಲ್ಲ.

ತೆರೆಮರೆಯವರ ಮಹತ್ವ ಎಲ್ಲರಿಗೂ ಅರಿವಾದದ್ದು 2021ರಲ್ಲಿ. ಸಾಂಕ್ರಾಮಿಕ ರೋಗದ ದೆಸೆಯಿಂದ ಆ ವರ್ಷ ಸಭಾಂಗಣ ಖಾಲಿಯಾಗಿತ್ತು. ರಿಕಾರ್ಡೊ ಮೂತಿ ಖಾಲಿ ಕುರ್ಚಿಗಳ ಎದುರು ವೃಂದವನ್ನು ನಡೆಸಿದರು. ಜನ ತಾಳ ಹಾಕುವ ರಾಡೆಟ್ಸ್ಕಿ ಮಾರ್ಚ್ ಚಪ್ಪಾಳೆಯಿಲ್ಲದೆ ಮುಗಿಯಿತು. ಕಛೇರಿಯ ಎರಡೂ ಭಾಗಗಳ ಕೊನೆಯಲ್ಲಿ ಮಾತ್ರ, ದೇಶದೇಶಗಳ ಮನೆಗಳಲ್ಲಿ ಕುಳಿತವರ ಚಪ್ಪಾಳೆಯನ್ನು ತಂತ್ರಜ್ಞರು ಧ್ವನಿವರ್ಧಕಗಳ ಮೂಲಕ ಸಭಾಂಗಣಕ್ಕೆ ತಂದರು. ಅಷ್ಟು ವರ್ಷ ಸಂಗೀತವನ್ನು ಹೊರಗೆ ಕಳುಹಿಸಿದ ಕೈಗಳೇ ಅಂದು ಕೇಳುಗರನ್ನು ಒಳಗೆ ಕರೆತಂದವು. ಆ ಕೈಗಳಿಗಾಗಿ ಮಾತ್ರ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಹುಶಃ ಆ ಕಸುಬಿನ ಯಶಸ್ಸಿನ ಅಳತೆಯೇ ಅದು.