ಮಡಚುವ ಮೇಜು

ಮೇಜು ನಮಗೆ ಹೊಸದು, ಮಡಚುವುದು ಹಳೆಯದು. 'ಮೇಜು' ಎಂಬ ಮಾತೇ ಪಾರಸಿಯಿಂದ ಬಂದದ್ದು. ಆದರೆ ನಮ್ಮ ದಾವಣಗೆರೆ ಸೀಮೆಯ ಹಳೆಯ ಮನೆಯೊಂದನ್ನು ನೆನಪಿಸಿಕೊಳ್ಳಿ: ಬೆಳಗಾದರೆ ಚಾಪೆ ಸುರುಳಿಯಾಗಿ ಮೂಲೆ ಸೇರುತ್ತಿತ್ತು, ಉಂಡಾದ ಮೇಲೆ ಮಣೆ ಗೋಡೆಗೆ ಒರಗುತ್ತಿತ್ತು, ಕಾಯಿಪಲ್ಲೆ ಹೆಚ್ಚಿದ ಮೇಲೆ ಈಳಿಗೆಯ ಅಲಗು ಮಣೆಯ ಮೇಲೆ ಮಲಗುತ್ತಿತ್ತು. ಪುರಾಣ ಓದುವ ವ್ಯಾಸಪೀಠವಂತೂ ಒಂದೇ ಹಲಗೆಯನ್ನು ಸೀಳಿ, ಕೀಲು ಬಿಡಿಸಿ ಮಾಡಿದ್ದು. ತೆರೆದರೆ ಪೀಠ, ಮುಚ್ಚಿದರೆ ಹಲಗೆ. ಮುಸಲ್ಮಾನರ ಮನೆಯ ರೆಹಲೂ ಅದೇ ಕೆಲಸಗಾರಿಕೆ. ಹತ್ತಿ ಗಿರಣಿಗಳ ಕಾಲದಲ್ಲಿ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದವರಿಗೆ ಜಾಗ ಉಳಿಸುವ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಅಡ್ಡಣಿಗೆ. ಈಗಿನ ಹುಡುಗರಿಗೆ ಈ ಹೆಸರು ಹೇಳಿದರೆ ಅಡ್ಡಹೆಸರೇ ಎಂದು ಕೇಳಿಯಾರು. ಊಟದ ತಟ್ಟೆಯನ್ನು ನೆಲದಿಂದ ಗೇಣೆತ್ತರಕ್ಕೆ ಹಿಡಿದು ನಿಲ್ಲಿಸುವ ಮುಕ್ಕಾಲಿ ಅದು. ಲಿಂಗಾಯತರ ಮನೆಗಳಲ್ಲಿ, ಮಠಗಳಲ್ಲಿ ಅದರ ಬಳಕೆ ಹೆಚ್ಚು. ನಾನು ಕಂಡ ಒಂದು ಬಗೆಯಲ್ಲಿ ಮೂರು ಕಾಲುಗಳು ನಡುವಿನಲ್ಲಿ ಸೇರಿಕೊಂಡಿದ್ದವು; ಬಿಡಿಸಿದರೆ ತಟ್ಟೆ ಕೂರುವಷ್ಟು ಅಗಲ, ಸೇರಿಸಿದರೆ ಕೈಹಿಡಿಯಷ್ಟು ಕಟ್ಟು. ಬಗ್ಗಿ ತುತ್ತು ಎತ್ತುವ ಕಷ್ಟವಿಲ್ಲ, ತಟ್ಟೆ ನೆಲಕ್ಕೆ ತಾಗುವುದಿಲ್ಲ. ಒಬ್ಬೊಬ್ಬರಿಗೂ ಅವರವರದೇ ಮೇಜು! ಆದರೆ ಒಂದು ಮಾತು: ಅದು ಉಣ್ಣುವವರಿಗೆ ಇತ್ತು. ಅಡುಗೆ ಮಾಡುವವಳಿಗೆ ನೆಲವೇ ಗತಿ.

ಆ ನೆಲವೂ ಅವಳ ಕೈ ತಪ್ಪಿತು. 1965ರಲ್ಲಿ ಕಲ್ಕತ್ತೆಯಲ್ಲಿ ಇಂಡೇನ್ ಅಡುಗೆ ಅನಿಲದ ಮೊದಲ ಸಂಪರ್ಕ ಕೊಟ್ಟರು. ಮುಂದೆ ಅದು ನಮ್ಮೂರುಗಳಿಗೂ ಬಂತು. ಅನಿಲದ ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಹಾಗಾಗಿ ಕಟ್ಟೆ ಬಂತು, ಕಟ್ಟೆಯ ಮೇಲೆ ಕಡಪದ ಕಲ್ಲೋ ಗ್ರಾನೈಟೋ ಬಂತು, ಅಡುಗೆಮನೆ ಇದ್ದಕ್ಕಿದ್ದಂತೆ ಸೊಂಟದ ಮಟ್ಟಕ್ಕೆ ಏರಿತು. ಹೊಗೆ ತಪ್ಪಿತು, ಕಣ್ಣು ಉಳಿಯಿತು. ಇದು ಸಣ್ಣ ಲಾಭವಲ್ಲ. ಆದರೆ ಕೂತು ಕೆಲಸ ಮಾಡುತ್ತಿದ್ದ ಮುದುಕಿಯರು ಆ ಏರಿಕೆಯಲ್ಲಿ ಹಿಂದೆ ಉಳಿದರು.

ನಿಜಲಿಂಗಪ್ಪ ಬಡಾವಣೆಯಲ್ಲಿರುವ ನಮ್ಮ ಬಂಧುಗಳ ಮನೆಯ ಅಜ್ಜಿ ಒಮ್ಮೆ ಸೊಸೆಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ: "ನೆಲಕ್ಕೆ ಕುಂತ್ರೆ ಏಳಾಕಾಗಲ್ಲ, ನಿಂತ್ರೆ ಕಾಲು ಕೇಳಲ್ಲ. ಮತ್ತೆ ನಾನೆಲ್ಲಿ ಇರ್ಲವ್ವಾ?" ಸೊಸೆ ಉತ್ತರಿಸಲಿಲ್ಲ. ಹದಿನೈದು ದಿನಕ್ಕೆ ಬಡಗಿಯನ್ನು ಕರೆಸಿದಳು.

ಇದೇ ಪ್ರಶ್ನೆಯನ್ನು ದೂರದ ಜರ್ಮನಿಯಲ್ಲಿ ಒಬ್ಬ ಹೆಣ್ಣುಮಗಳು ಮೊದಲೇ ಕೇಳಿಕೊಂಡಿದ್ದಳು. ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಷುಟೆ-ಲಿಹೋಟ್ಸ್ಕಿ 1926ರಲ್ಲಿ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಸುಮಾರು ಆರೂಕಾಲು ಅಡಿ ಅಗಲ, ಹನ್ನೊಂದು ಅಡಿ ಉದ್ದದ ಅಡುಗೆಮನೆಯನ್ನು ರೂಪಿಸಿದಳು. ರೈಲಿನ ಊಟದ ಬೋಗಿಯ ಅಡುಗೆಕೋಣೆ ಅವಳಿಗೆ ಮಾದರಿ. ಇಸ್ತ್ರಿ ಮಾಡುವ ಹಲಗೆ ಗೋಡೆಯಿಂದ ಇಳಿಯುತ್ತಿತ್ತು, ಮತ್ತೆ ಮಡಚಿಕೊಳ್ಳುತ್ತಿತ್ತು. ಕಿಟಕಿಯ ಬೆಳಕಿಗೆ ಕೆಲಸದ ಮೇಜು, ಅದರ ಮುಂದೆ ತಿರುಗುವ ಸ್ಟೂಲು, ಅಂದರೆ ಕೂತು ಹೆಚ್ಚುವ ಏರ್ಪಾಟು. ಅಂಥವು ಸುಮಾರು ಹತ್ತು ಸಾವಿರ ಕಟ್ಟಿದರು. ನಾವು ಕಟ್ಟೆಯನ್ನು ಮಾತ್ರ ತಂದೆವು, ಸ್ಟೂಲನ್ನು ಬಿಟ್ಟುಬಂದೆವು.

ಬಡಾವಣೆಯ ಆ ಮನೆಯಲ್ಲಿ ಬಡಗಿ ಕೂರಿಸಿದ್ದು ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ. ನೆಲದಿಂದ ಎರಡೂವರೆ ಅಡಿ ಎತ್ತರ. ನಿಂತು ಮಾಡುವ ಕಟ್ಟೆಗಿಂತ ತುಸು ತಗ್ಗು, ಕೂತವರ ಮೊಣಕೈಗೆ ಸಮ. ಕೆಳಗೆ ಎರಡು ಆನಿಕೆ. ಆನಿಕೆಯನ್ನು ಒಳಕ್ಕೆ ಸರಿಸಿದರೆ ಹಲಗೆ ಗೋಡೆಗೆ ಅಂಟಿ ನಾಲ್ಕು ಬೆರಳಷ್ಟೂ ಜಾಗ ಹಿಡಿಯುವುದಿಲ್ಲ. ಅವರೆಕಾಳು ಬಿಡಿಸುವುದು, ಸೊಪ್ಪು ಸೋಸುವುದು, ಮಂಡಕ್ಕಿಗೆ ಈರುಳ್ಳಿ ಹೆಚ್ಚುವುದು, ಚಪಾತಿ ಲಟ್ಟಿಸುವುದು ಎಲ್ಲಕ್ಕೂ ಸೈ. ಜೋಳದ ರೊಟ್ಟಿಗೆ ಮಾತ್ರ ಒಗ್ಗಲಿಲ್ಲ. ರೊಟ್ಟಿಗೆ ತಟ್ಟಿನ ಪೆಟ್ಟು ಬೇಕು, ಪೆಟ್ಟಿಗೆ ಹಲಗೆ ನಡುಗುತ್ತದೆ. ರೊಟ್ಟಿ ಈಗಲೂ ಕಟ್ಟೆಯ ಕಲ್ಲಿನ ಮೇಲೆ, ಸೊಸೆಯ ಕೈಯಲ್ಲೇ.

ಜಾಗ ಉಳಿಯುತ್ತದೆ ಎಂದು ಇಂಥ ಮೇಜುಗಳನ್ನು ಮಾರುವವರು ಹೇಳುತ್ತಾರೆ. ನಿಜ. ಆದರೆ ಮೇಜು ಮಡಚಿದಾಗ ಅದರ ಮುಂದೆ ಕೂತವರ ಜಾಗವೂ ಮಡಚಿಹೋಗುತ್ತದೆಯಲ್ಲ? ಅಜ್ಜಿಗೆ ಇದು ಗೊತ್ತು. ಬೆಳಗಿನ ಕಾಫಿಗೆ ಬಿಚ್ಚಿದ ಹಲಗೆಯನ್ನು ಮಧ್ಯಾಹ್ನದ ಊಟ ಮುಗಿಯುವವರೆಗೆ ಯಾರಿಗೂ ಎತ್ತಗೊಡುವುದಿಲ್ಲ. ಓಡಾಡುವವರು ಸೊಂಟ ಓರೆ ಮಾಡಿಕೊಂಡೇ ಓಡಾಡುತ್ತಾರೆ.